ದಸರಾದ ಮನಿಯಂಥ ಕಿಡ್ನಿ

ಬಾಡಗಂಡಿ ಹತ್ತಿರದ ಹಳ್ಳಿಯ ಆರೋಗ್ಯ ಶಿಬಿರದಲ್ಲಿ ಮೂತ್ರ ಪರೀಕ್ಷೆ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಬ್ಬ ಯಜಮಾನರ ಮೂತ್ರದಲ್ಲಿ ಸಕ್ಕರೆ ಕಂಡಿತು. ಜೊತೆಗೆ ಬಂದಿದ್ದ ಅವರ ಹೆಂಡತಿ ಗಾಬರಿಯಾಗಿ, "ಕಿಡ್ನಿ ಹೋತೇನ್ರಿ?" ಅಂದರು.

"ಇಲ್ಲಬೇ ಯವ್ವಾ. ಕಿಡ್ನಿ ಮೊದಲ ರಕ್ತದಾಗಿನ ಉಪ್ಪು, ಸಕ್ರಿ, ನೀರು ಸೋಸಿ ಹೊರಗ ಬಿಡತೈತಿ. ಆಮ್ಯಾಲ ಅದರ ಜೀವಕೋಶದ ಪೊರಿಯಾಗಿನ ಸಣ್ಣ ಸಣ್ಣ ಬಾಗಲ ಬೇಕಾದ್ದನ್ನ ಮತ್ತ ಒಳಗ ಎಳಕೋತಾವ."

"ಅಂದ್ರ ದಸರಾಕ್ಕ ಮನಿ ತೊಳದಂಗ! ಎಲ್ಲಾ ಅಂಗಳಕ್ಕ ತರೂದು, ಬೇಕಾದ್ದು ಒಳಗ ಒಯ್ಯೂದು. ಮತ್ತ ಸಕ್ರಿ ಯಾಕ ಹೊರಗ ಉಳೀತು?"

"ಬಾಗಲ ಇರೂದ ಇಷ್ಟು. ರಕ್ತದಾಗ ಸಕ್ರಿ ಅತಿ ಆದ್ರ ಒಯ್ದು ಮುಗಿಯೂದಿಲ್ಲ."

ಆಕೆ ಗಂಡನನ್ನು ದುರುಗುಟ್ಟಿ ನೋಡಿದರು. ಯಜಮಾನರು ಎದೆ ಸೆಟೆಸಿ, "ನಾ ಸಕ್ರಿ ಬಿಟ್ಟು ವರ್ಷಾತ್ರಿ. ಬರೇ ನಮ್ಮ ಗಾಣದ ಬೆಲ್ಲ!" ಅಂದರು.

ಹೊಟ್ಟೆ ಸೇರಿದ ಮೇಲೆ ಬೆಲ್ಲವೂ ಸಕ್ಕರೆಯೇ ಎಂದು ಕಬ್ಬು ಬೆಳೆಯುವವರನ್ನು ಒಪ್ಪಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಆಕೆಯೇನೋ ಕೂಡಲೇ ಒಪ್ಪಿದರು. ಶಿಬಿರ ಮುಗಿಯುವ ಹೊತ್ತಿಗೆ ದೊಡ್ಡದೊಂದು ಬೆಲ್ಲದ ಪೆಂಟೆ ಹೊತ್ತು ತಂದು ನನ್ನ ಮೇಜಿನ ಮೇಲಿಟ್ಟರು.

"ನಮ್ಮನ್ಯಾಗಿಂದು ಹೊರಗ ಹಾಕೇನ್ರಿ. ನೀವು ಒಳಗ ಒಯ್ರಿ."

ಒಯ್ದೆ. ತಿಂಗಳೊಪ್ಪತ್ತಿನಲ್ಲಿ ಪೆಂಟೆ ಮುಗಿಯಿತು. ನನ್ನ ಮೂತ್ರವನ್ನು ಮಾತ್ರ ನಾನಿನ್ನೂ ಪರೀಕ್ಷಿಸಿಕೊಂಡಿಲ್ಲ.