ಸುರಗಿ ನೂಲಿನೊಳಗೆ

ಅಕ್ಕನ ಮದುವೆಯಲ್ಲಿ ಅವ್ವ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು. ಅಪ್ಪ ತೀರಿಕೊಂಡ ಮೇಲೆ ಕೂಲಿ ಮಾಡಿ ನಮ್ಮಿಬ್ಬರನ್ನೂ ಸಾಕಿದವಳು ಅವಳೇ. ಆದರೂ ಗಂಡ ಸತ್ತವಳು ಸುರಗಿ ನೂಲು ಮುಟ್ಟುವಂತಿಲ್ಲ. ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟು, ಸುತ್ತ ನೂಲು ಸುತ್ತಿ, ಒಳಗೆ ಮದುಮಕ್ಕಳನ್ನು ಕೂರಿಸಿ ನೀರೆರೆಯುವಾಗ ತಾಯಿಯ ಜಾಗದಲ್ಲಿ ಚಿಗವ್ವ ಕುಳಿತಳು. ನನ್ನ ಮದುವೆಯಲ್ಲಿ ಹೀಗಾಗಗೊಡುವುದಿಲ್ಲ ಎಂದು ಅಂದೇ ಅವ್ವನಿಗೆ ಮಾತು ಕೊಟ್ಟೆ. ಅವಳು ನಕ್ಕುಬಿಟ್ಟಳು.

ಕುಷ್ಟಗಿಯಲ್ಲಿ ಸರ್ಕಾರಿ ನೌಕರಿ ಸಿಕ್ಕ ಮೇಲೆ, ಕೊಪ್ಪಳದಲ್ಲಿ ಭಾನುವಾರ ಸೇರುತ್ತಿದ್ದ ಬೌದ್ಧರ ಗುಂಪಿಗೆ ಹೋಗತೊಡಗಿದೆ. ಬೌದ್ಧರಿಗೆ ಮದುವೆ ದೇವರ ಕಟ್ಟಳೆಯಲ್ಲ, ಇಬ್ಬರು ಮನುಷ್ಯರ ಒಪ್ಪಂದ ಎಂದು ಅಲ್ಲಿನ ಹಿರಿಯರೊಬ್ಬರು ಹೇಳಿದ್ದು ಮನಸ್ಸಿಗೆ ನಾಟಿತು. ಮುಹೂರ್ತ ಬೇಕಿಲ್ಲ, ಮುತ್ತೈದೆ, ವಿಧವೆ ಎಂಬ ಭೇದವಿಲ್ಲ. ಭಿಕ್ಕುಗಳು ಮದುವೆ ಮಾಡಿಸುವುದಿಲ್ಲ, ಹರಸುತ್ತಾರೆ ಅಷ್ಟೆ. ಹರಸುವಾಗ ವಧೂವರರೂ ಹೆತ್ತವರೂ ಒಂದು ಬಿಳಿ ನೂಲು ಹಿಡಿದು ನಿಲ್ಲುತ್ತಾರಂತೆ. ನನಗೆ ಆ ನೂಲು ಸಾಕಿತ್ತು. ಅದೇ ಗುಂಪಿನ ಮಾಸ್ತರರೊಬ್ಬರು ನನ್ನನ್ನು ಒಪ್ಪಿದರು, ನಾನು ಅವರನ್ನು ಒಪ್ಪಿದೆ.

ಹಿಟ್ನಾಳದಲ್ಲಿದ್ದ ಅವರ ತಾಯಿ ಕೇಳಿದ್ದು ಒಂದೇ.

"ಮಧ್ಯಾಹ್ನ ನಿಮ್ಮ ಬುದ್ಧನ ಮದಿವಿ ಮಾಡ್ಕೋರಿ, ಯಾರ್ ಬ್ಯಾಡ ಅಂತಾರ? ಮುಂಜಾನಿ ಸುರಗಿ ಒಂದು ಆಗ್ಲಿ. ಮಂದಿಗೆ ನಾ ಏನ್ ಹೇಳ್ಲವ್ವಾ?"

ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ನಾನು ತಲೆಯಾಡಿಸಿದೆ. ಕಚೇರಿಯಲ್ಲಿ ಬಂದವರಿಗೆಲ್ಲ ನಿಯಮ ಹೇಳಿ ಬಾಯಿ ಮುಚ್ಚಿಸುವ ಮಹಾ ಧೈರ್ಯವಂತೆ ನಾನು.

ಅಂದು ಮುಂಜಾನೆ ಹನುಮಸಾಗರದ ನಮ್ಮ ಅಂಗಳದಲ್ಲಿ ಐವರು ಮುತ್ತೈದೆಯರು ನೂಲು ಸುತ್ತಿದರು. ತಾಯಿಯ ಜಾಗದಲ್ಲಿ ಮತ್ತೆ ಚಿಗವ್ವ. ನನ್ನ ಪಕ್ಕದಲ್ಲಿ ಮಾಸ್ತರರೂ ತಲೆ ತಗ್ಗಿಸಿ ಕುಳಿತಿದ್ದರು. ಅರಿಷಿಣದ ನೀರು ಕಣ್ಣಿಗಿಳಿಯುತ್ತಿತ್ತು. ಎದ್ದುಬಿಡಬೇಕೆನಿಸಿತು. ನೂಲು ಹರಿದರೆ ಗಂಡನಿಗೆ ಕೇಡು ಎನ್ನುತ್ತಾರೆ. ನಾನದನ್ನು ನಂಬುವುದಿಲ್ಲ, ಆದರೂ ಏಳಲಾಗಲಿಲ್ಲ. ಚಿಟಿಕೆಯಲ್ಲಿ ಹರಿಯುವ ಹತ್ತಿಯ ಎಳೆ ಅದು. ಅಡುಗೆಮನೆಯ ಬಾಗಿಲು ನನ್ನ ಬೆನ್ನ ಹಿಂದಿತ್ತು. ನಾಚಿಕೆಯಿಂದ ಅತ್ತ ತಿರುಗಲೇ ಇಲ್ಲ.

ಮಧ್ಯಾಹ್ನ ಕೊಪ್ಪಳದ ಸಭಾಭವನದಲ್ಲಿ ಬಿಳಿ ಸೀರೆಯುಟ್ಟು ಬುದ್ಧನ ಮೂರ್ತಿಯ ಮುಂದೆ ನಿಂತೆ. ಭಿಕ್ಕುಗಳು ನೂಲಿನ ಉಂಡೆ ಬಿಚ್ಚುತ್ತ, "ತಾಯಂದಿರು ಬರ್ರಿ," ಅಂದರು. ಅತ್ತೆ ಬಂದು ಹಿಡಿದರು. ಅವ್ವ ಕೊನೆಯ ಸಾಲಿನ ಕುರ್ಚಿಯಿಂದ ಏಳಲಿಲ್ಲ. ನಾನೇ ವೇದಿಕೆಯಿಂದ ಇಳಿದು ಹೋಗಿ ಅವಳ ಕೈ ಹಿಡಿದೆ.

"ಬಾರವ್ವಾ. ಇಲ್ಲಿ ಯಾರೂ ನಿನ್ನ ಬ್ಯಾಡ ಅನ್ನಂಗಿಲ್ಲ."

"ಮುಂಜಾನಿ ಬ್ಯಾಡಾದ ಕೈ ಈಗ ಬೇಕಾತೇನು?" ಅವಳು ಮೆಲ್ಲಗೆ ಕೈ ಬಿಡಿಸಿಕೊಂಡಳು. "ಮಂದಿ ಬ್ಯಾಡ ಅಂದಿದ್ದು ನನಗ ಹೊಸದಲ್ಲ. ನೀ ಒಂದ್ ಸಲ ತಿರುಗಿ ನೋಡ್ತಿ ಅಂತ ಬಾಗಲದಾಗ ನಿಂತಿದ್ದೆ."

ಎಲ್ಲರೂ ನೋಡುತ್ತಿದ್ದರು. ವೇದಿಕೆಗೆ ಮರಳಿ ಹೋಗಿ ನೂಲು ಹಿಡಿದೆ. ಅವ್ವನಿಗೆಂದು ಬಿಟ್ಟ ಜಾಗದಲ್ಲಿ ಅದು ಜೋತುಬಿದ್ದಿತ್ತು. ಯಾರೂ ಕರೆಯದಿದ್ದರೂ ಚಿಗವ್ವ ಎದ್ದು ಬಂದು ಹಿಡಿದುಕೊಂಡಳು.