ಮೇಸ್ತ್ರಿ ಬೆಕ್ಕಿನ ಬಾಣಂತನ

ಬೀದಿಗೆಲ್ಲ ಅವಳು ಸೋಫಾ ಅಕ್ಕ. ಕೂತವರ ಭಾರಕ್ಕೆ ಕುಸಿದ ಕುರ್ಚಿ, ಮಕ್ಕಳು ಕುಣಿದು ಸ್ಪ್ರಿಂಗು ಮುರಿದ ದಿವಾನ, ಇಲಿ ಕಡಿದ ಸೋಫಾ ಎಲ್ಲವೂ ಅವಳ ಕಾರ್ಖಾನೆಗೆ ಬಂದು ಮಲಗುತ್ತವೆ. ಹೊಸ ನಾರು, ಹೊಸ ಸ್ಪಂಜು ತುಂಬಿಸಿಕೊಂಡು ಎದ್ದು ಹೋಗುತ್ತವೆ. ಕಾರ್ಖಾನೆ ಎಂದರೆ ಮನೆಯ ಮುಂಭಾಗದ ಉದ್ದ ಕೋಣೆ, ಅಷ್ಟೇ. ಅದರ ಹಿಂದಿನ ಬಾಗಿಲು ತೆರೆದರೆ ಅಡುಗೆಮನೆ. ಮಾವ ಕಟ್ಟಿ ನಿಲ್ಲಿಸಿದ ಕೆಲಸ ಅದು. ಮಗನಿಗೆ ಸುತ್ತಿಗೆಗಿಂತ ಟೆಂಪೊ ಹಿಡಿಸಿದ್ದರಿಂದ ಸೊಸೆಯ ಕೈಗೆ ಬಂತು. ಒಳ್ಳೆಯ ಕೈಗೇ ಬಂತು ಎನ್ನಬೇಕು. ಅತ್ತೆ ಕಿಟಕಿಯ ಪಕ್ಕ ಮಿಷನ್ನಿನ ಮುಂದೆ ಕೂತು ದಿಂಬಿನ ಕವರು ಹೊಲಿಯುತ್ತಾರೆ, ನಡುನಡುವೆ ಸೊಸೆಯ ತಪ್ಪು ಹುಡುಕುತ್ತಾರೆ. ಎರಡರಲ್ಲೂ ಪಳಗಿದ ಕೈ.

ಕಾರ್ಖಾನೆಗೆ ಇನ್ನೊಬ್ಬಳು ಕೆಲಸದವಳಿದ್ದಳು, ಒಂದು ಬೂದುಬಣ್ಣದ ಹೆಣ್ಣು ಬೆಕ್ಕು. ಹೆಸರು ಮೇಸ್ತ್ರಿ. ಹೆಸರಿಟ್ಟವರು ಅತ್ತೆ. ಸೋಫಾ ಸಿದ್ಧವಾದ ಕೂಡಲೇ ಬೆಕ್ಕು ಅದರ ಮೇಲೆ ಹತ್ತುವುದು, ಮುಂಗಾಲಿನಿಂದ ಅಲ್ಲಿ ಇಲ್ಲಿ ಒತ್ತಿ ನೋಡುವುದು, ಎರಡು ಸುತ್ತು ತಿರುಗುವುದು. ಮಲಗಿ ನಿದ್ದೆ ಹೋದರೆ ಕೆಲಸ ಪಾಸು. ಒಮ್ಮೆ ಅದು ಮೂರು ಸಲ ಹತ್ತಿ ಮೂರು ಸಲ ಇಳಿದಾಗ ಸೋಫಾ ಅಕ್ಕ ಸೀಟು ಬಿಚ್ಚಿ ನೋಡಿದರೆ, ಒಳಗೆ ಒಂದು ಸ್ಪ್ರಿಂಗು ಕಟ್ಟು ಬಿಟ್ಟುಕೊಂಡಿತ್ತು. ಅವತ್ತಿನಿಂದ ಮೇಸ್ತ್ರಿ ಮಲಗದೆ ಯಾವ ಸೋಫಾವೂ ಟೆಂಪೊ ಹತ್ತುತ್ತಿರಲಿಲ್ಲ.

ಹಾಗೆ ಮೊದಲ ಸಲ ಹತ್ತಿದ್ದು ಒಂದು. ಹೋದ ವರ್ಷ, ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಸೋಫಾ.

ಅವತ್ತು ಗಡಿಬಿಡಿ. ಮೇಸ್ತ್ರಿಗೆ ದಿನ ತುಂಬಿದೆ ಎನ್ನುವುದು ಗೊತ್ತಿತ್ತು. ಇವತ್ತೋ ನಾಳೆಯೋ ಎನ್ನುವ ಕಡೆ ಮಾತ್ರ ಯಾರ ಗಮನವೂ ಇರಲಿಲ್ಲ. ಬೆಳಿಗ್ಗೆಯಿಂದ ಅದು ಅನ್ನ ಮುಟ್ಟಿರಲಿಲ್ಲ, ಮೂಲೆ ಮೂಲೆ ಕೆರೆಯುತ್ತಿತ್ತು. ಸೋಫಾ ಅಕ್ಕ "ಸೊಕ್ಕು" ಎಂದಿದ್ದಳು. ಬೋರಲು ಹಾಕಿದ್ದ ಸೋಫಾದ ಹೊಟ್ಟೆಯೊಳಗೆ, ನಾರಿನ ಮರೆಯಲ್ಲಿ ಅದು ಮೂರು ಮರಿ ಹಾಕಿ, ಹಾಲೂಡಿಸಿ ಮಲಗಿಸಿ, ನೀರು ಕುಡಿಯಲು ಅಡುಗೆಮನೆಗೆ ಹೋಗಿತ್ತು. ಇವಳು ಬಂದವಳೇ ಅಡಿಬಟ್ಟೆ ಎಳೆದು ಸುತ್ತಲೂ ಪಿನ್ನು ಹೊಡೆದು ಮುಗಿಸಿದಳು. ಗಂಡ ಟೆಂಪೊಗೆ ಏರಿಸಿಕೊಂಡು ಹೊರಟೇಬಿಟ್ಟ.

ಮರುದಿನ ಬೆಳಿಗ್ಗೆ ಡಾಕ್ಟರ ಫೋನು. "ಅಕ್ಕ, ನಿಮ್ಮ ಸೋಫಾ ಅಳ್ತಾ ಇದೆ."

ಓಡಿ ಹೋಗಿ ಅಡಿಬಟ್ಟೆ ಬಿಚ್ಚಿದಾಗ ಎರಡು ಮರಿ ತಣ್ಣಗಾಗಿದ್ದವು. ಒಂದಕ್ಕೆ ಉಸಿರಿತ್ತು. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಓಡಿ ಬಂದಳು. ರಾತ್ರಿಯಿಡೀ ಒಂದೊಂದು ಕುರ್ಚಿಯ ಕೆಳಗೂ ನುಗ್ಗಿ ಹುಡುಕಿ ಗಂಟಲು ಒಡೆದುಕೊಂಡಿದ್ದ ಮೇಸ್ತ್ರಿ, ಮರಿಯನ್ನು ಮೂಸಿ, ಕತ್ತು ಕಚ್ಚಿ ಎತ್ತಿಕೊಂಡು, ಅಡುಗೆಮನೆಯ ಅಟ್ಟ ಹತ್ತಿತು. ಮತ್ತೆ ಕಾರ್ಖಾನೆಯ ಹೊಸ್ತಿಲು ದಾಟಲಿಲ್ಲ. ಆ ಮರಿ ಬೆಳೆದ ಮೇಲೆ ಡಾಕ್ಟರೇ ಕೇಳಿ ಸಾಕಿಕೊಂಡರು. ಮೇಸ್ತ್ರಿ ಮಾತ್ರ ಅಡುಗೆಮನೆಯಲ್ಲೇ ಉಳಿಯಿತು. ಹಾಕಿದ್ದು ತಿನ್ನುತ್ತಿತ್ತು, ಕಾಲಿಗೆ ಮೈ ಉಜ್ಜುತ್ತಿತ್ತು, ಆದರೆ ಒಂದು ಸೋಫಾದ ಮೇಲೂ ಕೂರಲಿಲ್ಲ.

ಸೋಫಾ ಅಕ್ಕನಿಗೆ ಅದು ಗಂಟಲಲ್ಲಿ ಸಿಕ್ಕ ಮುಳ್ಳಾಯಿತು. ಅಡಿಬಟ್ಟೆ ಹೊಡೆಯುವ ಮೊದಲು ಮೊಣಕೈವರೆಗೆ ಕೈ ಹಾಕಿ ಒಳಗೆಲ್ಲ ತಡಕುವ ಅಭ್ಯಾಸ ಅಂಟಿಕೊಂಡಿದ್ದು ಆಗಲೇ. ಗಿರಾಕಿಗಳು ನೋಡಿ, "ಏನಕ್ಕ, ಉಂಗುರ ಬಿತ್ತಾ?" ಎಂದು ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ.

ಈ ವರ್ಷ ಮೇಸ್ತ್ರಿಯ ಹೊಟ್ಟೆ ಮತ್ತೆ ಉಬ್ಬಿತು. ಈ ಸಲ ಒಂದು ಮರಿಯೂ ಕೈತಪ್ಪಬಾರದು ಎಂದು ಹಟ ತೊಟ್ಟವಳು ನೇರ ದನದ ಡಾಕ್ಟರ ಹತ್ತಿರ ಹೋದಳು.

"ಒಂಬತ್ತು ವಾರ ಅಂತ ಲೆಕ್ಕ. ಎರಡು ಮೂರು ದಿನ ಹಿಂದೆ ಮುಂದೆ ಆಗುತ್ತಮ್ಮ. ಕ್ಯಾಲೆಂಡರ್ ನೋಡ್ಬೇಡಿ, ಬೆಕ್ಕನ್ನ ನೋಡಿ" ಎಂದರು ಅವರು. ಹೇಳಿದ್ದನ್ನೆಲ್ಲ ಸೋಫಾ ಅಕ್ಕ ಅಳತೆ ಬರೆಯುವ ಸೀಮೆಸುಣ್ಣದಲ್ಲೇ ಅಡುಗೆಮನೆಯ ಬಾಗಿಲ ಮೇಲೆ ಬರೆದಳು: ಮೊಲೆಯಲ್ಲಿ ಹಾಲು. ಹೊಟ್ಟೆ ಕೆಳಗಿಳಿಯುತ್ತದೆ. ಮರೆ ಹುಡುಕುತ್ತದೆ, ಕೆರೆಯುತ್ತದೆ. ಊಟ ಬಿಡುತ್ತದೆ. ಹಿಂಭಾಗ ನೆಕ್ಕಿಕೊಳ್ಳುತ್ತಲೇ ಇರುತ್ತದೆ. ಹಿಂದಿನ ದಿನ ಮೈಬಿಸಿ ಸ್ವಲ್ಪ ಇಳಿಯುತ್ತದೆ.

ಸಾಲದ್ದಕ್ಕೆ ಹೆರಿಗೆಗೆ ಒಂದು ಪೆಟ್ಟಿಗೆ ಮಾಡಿದಳು. ಅದೇನು ಪೆಟ್ಟಿಗೆಯೇ? ಎರಡು ಇಂಚು ಸ್ಪಂಜು, ಕೆಂಪು ಮಖಮಲ್ಲು, ಅಂಚಿಗೆ ಬಂಗಾರದ ಬಣ್ಣದ ದಾರ.

"ಬಾಣಂತಿಗೆ ಹಾಸಿಗೆ ಮಾಡ್ತಿದ್ದೀಯೋ, ಪಟ್ಟಾಭಿಷೇಕಕ್ಕೆ ಸಿಂಹಾಸನವೋ?" ಎಂದರು ಅತ್ತೆ. "ಮಖಮಲ್ಲಿಗೆ ಮರಿಗಳ ಉಗುರು ಸಿಕ್ಕಿಹಾಕ್ಕೊಳುತ್ತೆ ಕಣೇ."

"ನೀವು ಸುಮ್ನಿರಿ ಅತ್ತೆ. ಹೋದ ಸಲದ ಪಾಪಕ್ಕೆ ಇಷ್ಟಾದ್ರೂ ಮಾಡ್ತೀನಿ."

ಮೇಸ್ತ್ರಿ ಪೆಟ್ಟಿಗೆಯನ್ನು ಮೂಸಿತು, ಸೀನಿತು, ಹೋಗಿ ಈರುಳ್ಳಿ ಬುಟ್ಟಿಯ ಪಕ್ಕ ಮಲಗಿತು.

ಅದೇ ವಾರ ಹಲ್ಲಿನ ಡಾಕ್ಟರ ಸೋಫಾ ಮತ್ತೆ ರಿಪೇರಿಗೆ ಬಂತು. ಕಾರಣ ಕೇಳಿದರೆ ಅವರಿಗೇ ನಗು. ಅವತ್ತು ಅದರ ಹೊಟ್ಟೆಯಿಂದ ಬದುಕಿ ಬಂದ ಮರಿಯೇ ಈಗ ಗಡವನಾಗಿ, ಆ ಸೋಫಾದ ಮೇಲೇ ಬಿದ್ದುಕೊಂಡು, ಅದನ್ನೇ ಪರಪರ ಕೆರೆದು ಚಿಂದಿ ಮಾಡಿತ್ತು. ಉಣ್ಣೋದು ಅವರ ಮನೆಯಲ್ಲಾದರೂ ಹಳೆ ಸೇಡು ಮರೆತಿರಲಿಲ್ಲ ಎನ್ನಬೇಕು. ಗುರುವಾರ ಸಂಜೆಗೆ ಕೊಡುವುದೆಂದು ಮಾತಾಯಿತು.

ಗುರುವಾರ ಬೆಳಿಗ್ಗೆ ಮೇಸ್ತ್ರಿ ಮೀನನ್ನೂ ಮೂಸಲಿಲ್ಲ. ಬಾಗಿಲ ಮೇಲಿನ ಬರಹ ಒಂದೊಂದಾಗಿ ನಿಜವಾಗತೊಡಗಿತು. ಮೊಲೆಯಲ್ಲಿ ಹಾಲಿನ ಹನಿ, ಬಟ್ಟೆ ಮೂಟೆ ಕೆರೆತ, ಕೂತಲ್ಲಿ ನಿಂತಲ್ಲಿ ನೆಕ್ಕಾಟ. ಸೋಫಾ ಅಕ್ಕ ಬೆಕ್ಕನ್ನು ಎತ್ತಿ ಮಖಮಲ್ಲಿನಲ್ಲಿ ಕೂರಿಸಿದಳು, ಕಾರ್ಖಾನೆಯ ಬಾಗಿಲಿಗೆ ಚಿಲಕ ಹಾಕಿದಳು. ಅತ್ತ ಹೋದರೆ ತಾನೇ ಅನಾಹುತ?

ಮೇಸ್ತ್ರಿ ಪೆಟ್ಟಿಗೆಯಿಂದ ಹಾರಿ ಬಾಗಿಲ ಮುಂದೆ ನಿಂತು ಕೂಗಲು ಶುರುಮಾಡಿತು. ಎತ್ತಿ ತಂದು ಕೂರಿಸಿದಳು. ಮತ್ತೆ ಹಾರಿತು. ಮತ್ತೆ ಕೂರಿಸಿದಳು.

"ಅಯ್ಯೋ, ನೋವು ಶುರುವಾಯ್ತು ಅತ್ತೆ! ನೋಡಿ ಹೆಂಗೆ ಕೂಗ್ತಿದ್ದಾಳೆ!"

ಅತ್ತೆ ಮೂರು ಹೆತ್ತವರು. "ಅದು ನೋವಿನ ಕೂಗಲ್ಲ, ಬಾಗಿಲು ತೆಗಿ ಅನ್ನೋ ಕೂಗು. ಒಂದು ತಿಂಗಳಿಂದ ಅವಳನ್ನ ನೋಡಿದ್ದೇ ನೋಡಿದ್ದು. ಅವಳು ಹೇಳೋದನ್ನ ಒಂದು ಸಲ ಕೇಳು."

ಸೋಫಾ ಅಕ್ಕ ಚಿಲಕ ತೆಗೆದಳು. ವರ್ಷದಿಂದ ದಾಟದ ಹೊಸ್ತಿಲನ್ನು ಮೇಸ್ತ್ರಿ ದಾಟಿತು. ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿ, ಬಾ ಎನ್ನುವಂತೆ ಕೂಗಿತು. ಅವಳು ಹಿಂದೆ ಹೋದಳು. ಬೆಕ್ಕು ಕುರ್ಚಿ, ದಿವಾನಗಳ ನಡುವೆ ನುಸುಳಿ, ಬೋರಲು ಬಿದ್ದಿದ್ದ ಹಲ್ಲಿನ ಡಾಕ್ಟರ ಸೋಫಾವನ್ನು ಉದ್ದಕ್ಕೂ ಮೂಸಿತು. ಆ ಮರದ ತುಂಬ ಅದರ ಮಗನ ವಾಸನೆ. ಮೂಸಿ, ತೆರೆದ ಹೊಟ್ಟೆಯೊಳಗೆ ಇಳಿಯಿತು. ಅದೇ ಸೋಫಾ, ಅದೇ ಮೂಲೆ.

ಸೋಫಾ ಅಕ್ಕನ ಕಣ್ಣು ತುಂಬಿತು. ಹಳೆಯ ಹತ್ತಿ ಬೆಡ್‌ಶೀಟು ತರೋಣವೆಂದು ಎದ್ದರೆ ಮೇಸ್ತ್ರಿಯೂ ಎದ್ದು ಹಿಂದೆ ಬಂತು. ಕೂತರೆ ಅದೂ ಒಳಗೆ ಹೋಗಿ ಮಲಗಿತು. ಎರಡು ಸಲ ಹೀಗಾದ ಮೇಲೆ ಅರ್ಥವಾಯಿತು. ನೆಲದ ಮೇಲೆ ಮಲಗಿ, ಒಂದು ತೋಳನ್ನು ಸೋಫಾದೊಳಗೆ ಚಾಚಿದಳು. ಬೆಕ್ಕು ಅವಳ ಅಂಗೈ ಮೇಲೆ ಗಲ್ಲ ಇಟ್ಟಿತು. ಬೆಡ್‌ಶೀಟು ಅತ್ತೆಯೇ ತಂದು ಹಾಸಿದರು.

ಮಧ್ಯಾಹ್ನದ ಹೊತ್ತಿಗೆ ಫೋನು ಬಂತು. ಅತ್ತೆ ಅದನ್ನು ಮಲಗಿದವಳ ಕಿವಿಗೆ ಹಿಡಿದರು.

"ಅಕ್ಕ, ಸಂಜೆ ಸೋಫಾ ಬರುತ್ತಲ್ವಾ?"

"ಇಲ್ಲ ಡಾಕ್ಟ್ರೇ. ಹೆರಿಗೆ ಆಗ್ತಿದೆ."

"ಯಾರಿಗೆ?"

"ನಿಮ್ಮ ಸೋಫಾದೊಳಗೆ."

ಡಾಕ್ಟರು ಕೂಡಲೇ, "ಮರಿಗಳು ನಡೆಯೋವರೆಗೂ ಕದಲಿಸಬೇಡಿ. ನಮ್ಮ ಪೇಷೆಂಟುಗಳು ಬಾಯಿ ನೋವಿಗೆ ಬರೋರು, ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂರ್ತಾರೆ ಬಿಡಿ" ಎಂದರು.

ನಾಲ್ಕು ಗಂಟೆಯೊಳಗೆ ನಾಲ್ಕು ಮರಿ. ಒಂದೊಂದನ್ನೂ ಬೆರಳಿನಲ್ಲಿ ಮುಟ್ಟಿ ಎಣಿಸಿದಳು. ನಾಲ್ಕೂ ಬೆಚ್ಚಗಿದ್ದವು.

ಐದು ವಾರ ಆ ಸೋಫಾ ಬೋರಲೇ ಇತ್ತು. ಮರಿಗಳು ತಾವಾಗಿಯೇ ಹೊರಗೆ ಬಂದು ಮಖಮಲ್ಲಿನ ಪೆಟ್ಟಿಗೆಯನ್ನು ಹತ್ತಿ ಇಳಿದು ಆಡುವಂತಾದ ಮೇಲೆ, ಸೋಫಾ ಅಕ್ಕ ಮೊಣಕೈವರೆಗೆ ಕೈ ಹಾಕಿ ಒಳಗೆಲ್ಲ ತಡಕಿದಳು. ಅತ್ತೆಯ ಕೈಯಲ್ಲೂ ತಡಕಿಸಿದಳು. ಆಮೇಲೇ ಅಡಿಬಟ್ಟೆ ಹೊಡೆದು, ಸೋಫಾ ನಿಲ್ಲಿಸಿ, ಹೊಸ ಸೀಟು ಕೂರಿಸಿದ್ದು.

ಗಂಡ ಟೆಂಪೊ ತಂದು ಹಾರನ್ನು ಹೊಡೆದ. "ಎತ್ತೋಣವಾ?"

"ತಡಿರಿ" ಎಂದಳು ಅವಳು.

ಮೇಸ್ತ್ರಿ ಸೋಫಾ ಹತ್ತಿತ್ತು. ಮುಂಗಾಲಿನಿಂದ ಅಲ್ಲಿ ಒತ್ತಿತು, ಇಲ್ಲಿ ಒತ್ತಿತು, ಎರಡು ಸುತ್ತು ತಿರುಗಿತು. ಆಮೇಲೆ ನಡುಮಧ್ಯೆ ಮುದುಡಿ ಮಲಗಿ ಕಣ್ಣು ಮುಚ್ಚಿತು. ಹೊರಗೆ ಟೆಂಪೊ ಒಂದು ಗಂಟೆ ಕಾಯಿತು.