ಒಳಗೆ ಮಡಚಿಟ್ಟ ಬಟ್ಟೆ

ಓಣಿಯ ಕೊನೆಯ ಅಂಗಡಿಯ ದರ್ಜಿಯಮ್ಮ ಜೀವಮಾನದಲ್ಲೇ ಬ್ಯಾಸ್ಕೆಟ್‌ಬಾಲ್ ಮುಟ್ಟಿದವಳಲ್ಲ. ಆದರೂ ಅವಳ ಮೊಬೈಲಿನ ಆಟವೊಂದರಲ್ಲಿ ಅವಳದೇ ಒಂದು ತಂಡವಿತ್ತು. ಆ ಆಟದಲ್ಲಿ ಓಡುವುದು, ಎಸೆಯುವುದು ಎಲ್ಲ ಕಂಪ್ಯೂಟರಿನ ಪಾಲು. ಆಟಗಾರರನ್ನು ಪಳಗಿಸುವುದಷ್ಟೇ ಇವಳ ಕೆಲಸ. ಈ ವಾರ ಯಾರಿಗೆ ಯಾವ ವಿದ್ಯೆ ಎಂದು ಗುರುತು ಹಾಕಿದರೆ ಅವರು ಅದರಲ್ಲಿ ಒಂದೊಂದೇ ಮೆಟ್ಟಿಲು ಏರುತ್ತಿದ್ದರು.

ಅದೇ ಆಟವಾಡುವ ಬೇರೆಯವರು ತಮ್ಮ ಆಟಗಾರರನ್ನು ಕೊನೆಯ ಮೆಟ್ಟಿಲಿನವರೆಗೂ ಏರಿಸುತ್ತಿದ್ದರು. ಇವಳು ಮಾತ್ರ ಪ್ರತಿಯೊಬ್ಬನಿಗೂ ಒಂದು ಮೆಟ್ಟಿಲು ಬಾಕಿ ಉಳಿಸುತ್ತಿದ್ದಳು. ಬೆಳೆಯುವ ಮಕ್ಕಳ ಬಟ್ಟೆಯ ಅಂಚಿನಲ್ಲಿ ಮುಂದೆ ಬಿಚ್ಚಿ ಉದ್ದ ಮಾಡಲೆಂದು ಎರಡು ಬೆರಳಗಲ ಒಳಗೆ ಮಡಚಿಡುವ ಕೈಗೆ ಬೇರೆ ದಾರಿ ಗೊತ್ತಿರಲಿಲ್ಲ. ತಂಡ ಸೋತು ಸುಣ್ಣವಾಗುತ್ತಿತ್ತು.

"ನಿನ್ನ ಹುಡುಗ್ರು ಬೆಳೆಯೋದು ಯಾವಾಗ, ಮುದುಕರಾದ ಮೇಲಾ?" ಗುಂಡಿ ಹಾಕುತ್ತ ಕೂತ ಗಂಡ ಛೇಡಿಸುತ್ತಿದ್ದ.

"ಪೂರ್ತಿ ಹೊಲಿದುಬಿಟ್ರೆ ಆಮೇಲೆ ಬಿಚ್ಚೋಕೆ ಏನಿರುತ್ತೆ? ಸುಮ್ನಿರಿ."

ಒಂದು ಮಧ್ಯಾಹ್ನ ಇಸ್ತ್ರಿಯ ಹಬೆಗೆ ಅವಳಿಗೆ ಜೊಂಪು ಹತ್ತಿತು. ನೇತುಹಾಕಿದ ಅಂಗಿಗಳೆಲ್ಲ ನೀರಿನಲ್ಲಿದ್ದಂತೆ ತೇಲತೊಡಗಿದವು. ಅವುಗಳ ನಡುವಿನಿಂದ, ತಂಡದ ಹಿರಿಯ, ಅವಳೇ ಉದ್ದಣ್ಣ ಎಂದು ಹೆಸರಿಟ್ಟವನು, ಬಾಗಿಲಿಗೆ ತಲೆ ಬಗ್ಗಿಸಿ ಒಳಗೆ ಬಂದ. ಚೆಂಡು ಎಸೆಯುವವನಂತೆ ಕೈ ಎತ್ತಿದ. ಅಂಗಿ ಹೊಕ್ಕುಳಿಗಿಂತ ಮೇಲೇ ನಿಂತಿತು.

"ಅಮ್ಮಾ, ಮಡಚಿಟ್ಟಿದ್ದನ್ನ ಯಾವಾಗ ಬಿಚ್ತೀರಿ?" ಎಂದ.

ಎಚ್ಚೆತ್ತು ಮೊಬೈಲ್ ನೋಡಿದಳು. ಆಟದ ಲೆಕ್ಕದಲ್ಲಿ ವಯಸ್ಸಾಗಿದ್ದ ಉದ್ದಣ್ಣನ ನಿವೃತ್ತಿಗೆ ಒಂದೇ ವಾರ ಉಳಿದಿತ್ತು. ಆ ವಾರದ ಅಭ್ಯಾಸವನ್ನೆಲ್ಲ ಅವನೊಬ್ಬನಿಗೇ ಕೊಟ್ಟು, ಬಾಕಿ ಇದ್ದ ಮೆಟ್ಟಿಲು ಏರಿಸಿದಳು.

"ಹೊರಟು ನಿಂತವನಿಗೆ ಈಗ್ಯಾಕೆ?" ಎಂದ ಗಂಡ.

"ಹೊರಟವನ ಅಂಗಿ ಗಿಡ್ಡ ಆಗಬಾರದು, ರೀ."